ಮೊದಲು ಒಪ್ಪಂದದ ಕಾಗದ ತೋರಿಸಿ

ಓದುಗರ ಪ್ರಶ್ನೆ–ಉತ್ತರ
ಉತ್ತರಿಸುವವರು: ಸರ್ಕಾರಿ ಐಟಿಐಯ ನಿವೃತ್ತ ಕಿರಿಯ ತರಬೇತಿ ಅಧಿಕಾರಿ, ಎಲೆಕ್ಟ್ರಿಷಿಯನ್ ವಿಭಾಗ, ಬಳ್ಳಾರಿ

ಫಲಿತಾಂಶ ಬಂದು ಪ್ರವೇಶದ ಅರ್ಜಿಗಳು ಶುರುವಾದವೆಂದರೆ ಈ ಅಂಕಣಕ್ಕೆ ಪತ್ರಗಳು ರಾಶಿ ಬೀಳುತ್ತವೆ. ಹಿಂದೆಲ್ಲ "ಓದಲೇ, ದುಡಿಯಲೇ?" ಎಂದು ಕೇಳುತ್ತಿದ್ದರು. ಈಗಿನ ಮಕ್ಕಳು "ಎರಡನ್ನೂ ಒಟ್ಟಿಗೆ ಹೇಗೆ ಮಾಡಲಿ?" ಎಂದು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಆದರೆ ಅದಕ್ಕೆ ಉತ್ತರ ಹೇಳುವ ನೆಪದಲ್ಲಿ ಅಂಗಡಿ ತೆರೆದು ಕುಳಿತವರೂ ಹೆಚ್ಚಾಗಿದ್ದಾರೆ. ಹಾಗಾಗಿ ಈ ಸಲ ಪೂರ್ತಿ ಪುಟವನ್ನು ಓದು ಮತ್ತು ಅಪ್ರೆಂಟಿಸ್‌ಶಿಪ್‌ಗೇ ಬಿಟ್ಟಿದ್ದೇನೆ. ಅಪ್ರೆಂಟಿಸ್‌ಶಿಪ್ ಎಂದರೆ ಸ್ಟೈಪೆಂಡ್ ಎಂಬ ತಿಂಗಳ ಭತ್ಯೆ ಪಡೆಯುತ್ತ ಕೆಲಸದ ಜಾಗದಲ್ಲೇ ಕಲಿಯುವ ತರಬೇತಿ. ಮನೆ ವೈರಿಂಗ್, ಮೀಟರ್, ಸೋಲಾರ್ ಕುರಿತು ಬರೆದವರು ಮುಂದಿನ ಸಂಚಿಕೆಯವರೆಗೆ ತಾಳಿಕೊಳ್ಳಬೇಕು.

ಪ್ರಶ್ನೆ: ಮೇಡಂ, ನಾನು ಪಿಯುಸಿ ಕಲಾ ವಿಭಾಗ ಮುಗಿಸಿ, ಆಮೇಲೆ ಐಟಿಐಯಲ್ಲಿ ಎರಡು ವರ್ಷದ ಫಿಟ್ಟರ್ ಕೋರ್ಸ್ ಪಾಸಾಗಿದ್ದೇನೆ. ತೋರಣಗಲ್ಲಿನ ಕಡೆ ಒಂದು ಕಾರ್ಖಾನೆಗೆ ಒಂದು ವರ್ಷದ ಅಪ್ರೆಂಟಿಸ್ ಆಗಿ ಆಯ್ಕೆಯಾಗಿದ್ದೇನೆ. ಅಪ್ಪ ಬಳ್ಳಾರಿಯ ಕಾಲೇಜೊಂದರಲ್ಲಿ ಬಿ.ಎ.ಗೂ ಹೆಸರು ಹಚ್ಚಿಸಿದ್ದಾರೆ. "ಹಾಜರಿಯನ್ನು ನಾನು ನೋಡಿಕೊಳ್ಳುತ್ತೇನೆ" ಎಂದು ಪರಿಚಯದವರೊಬ್ಬರು ಧೈರ್ಯ ಹೇಳಿದ್ದಾರೆ. ಎರಡನ್ನೂ ನಡೆಸಬಹುದೇ?
— ಒಬ್ಬ ಓದುಗ, ಕುರೇಕುಪ್ಪ

ಉತ್ತರ: ತಮ್ಮಾ, ಹೀಗೆ ನಡೆಸಲು ಆಗುವುದಿಲ್ಲ. ರೆಗ್ಯುಲರ್ ಪದವಿಗೆ ಶೇ 75 ಹಾಜರಿ ಬೇಕು. ಕಾರ್ಖಾನೆ ನಿನ್ನನ್ನು ವಾರವಿಡೀ ಹಗಲು ಹೊತ್ತು ಕೇಳುತ್ತದೆ. ಒಂದೇ ಹೊತ್ತಿನಲ್ಲಿ ನಿನ್ನ ಸಹಿ ಎರಡು ರಿಜಿಸ್ಟರುಗಳಲ್ಲಿ ಇದ್ದರೆ ಅವುಗಳಲ್ಲಿ ಒಂದು ಸುಳ್ಳು. ನಾಳೆ ಸರ್ಕಾರಿ ಕೆಲಸಕ್ಕೆ ದಾಖಲೆ ಪರಿಶೀಲನೆ ನಡೆಯುವಾಗ ಅಂಕಪಟ್ಟಿಯ ವರ್ಷವೂ ಅಪ್ರೆಂಟಿಸ್ ಪ್ರಮಾಣಪತ್ರದ ವರ್ಷವೂ ಒಂದೇ ಮೇಜಿನ ಮೇಲೆ ಬರುತ್ತವೆ. ಅವತ್ತು ಆ ಪರಿಚಯದವರು ಫೋನ್ ಎತ್ತುವುದಿಲ್ಲ.

ಅಪ್ಪನ ಮೇಲೆ ಸಿಟ್ಟಾಗಬೇಡ. ನಮ್ಮ ಕಡೆ ಕೆಪಿಎಸ್‌ಸಿ ಅರ್ಜಿಯಿಂದ ಹಿಡಿದು ಮದುವೆ ಮಾತುಕತೆಯವರೆಗೆ ಎಲ್ಲರೂ ಮೊದಲು ಕೇಳುವುದು "ಡಿಗ್ರಿ ಆಗಿದೆಯೇ" ಎಂದೇ. ಅವರ ಆಸೆಯೂ ಈಡೇರುವ ನೇರ ದಾರಿ ಇದೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಅಥವಾ ಇಗ್ನೋ ಎಂಬ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲಿ ದೂರಶಿಕ್ಷಣದ ಬಿ.ಎ.ಗೆ ಸೇರು. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಮಾನ್ಯತೆ ಇರುವ ದೂರಶಿಕ್ಷಣದ ಪದವಿ ರೆಗ್ಯುಲರ್ ಪದವಿಗೆ ಸಮ. ಇದು ಯುಜಿಸಿಯ ನಿಯಮದಲ್ಲೇ ಇದೆ. ಅಲ್ಲಿ ದಿನದ ಹಾಜರಿಯ ಕಾಟ ಇಲ್ಲ. ಪರೀಕ್ಷೆಯ ವೇಳಾಪಟ್ಟಿ ಕೈಗೆ ಬಂದ ದಿನವೇ ಅದರ ಪ್ರತಿಯನ್ನು ಕಾರ್ಖಾನೆಯ ತರಬೇತಿ ವಿಭಾಗಕ್ಕೆ ಕೊಟ್ಟು ರಜೆ ಬರೆಸಿಕೊ. ಹಿಂದಿನ ಸಂಜೆ ಹೋಗಿ "ಸರ್, ನಾಳೆ ಪೇಪರ್ ಇದೆ" ಎನ್ನುವ ಹುಡುಗನಿಗೆ ಯಾವ ಫೋರ್‌ಮನ್ ಕೂಡ ಒಲಿಯುವುದಿಲ್ಲ.

ಈಗ ಆ ಒಂದು ವರ್ಷದ ಮಾತು. ನಿನ್ನ ಪತ್ರದಲ್ಲಿ ಅಪ್ಪ ಇದ್ದಾರೆ, ಕಾಲೇಜು ಇದೆ, ಪರಿಚಯದವರೂ ಇದ್ದಾರೆ. ಒಪ್ಪಂದದ ಸುದ್ದಿಯೇ ಇಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ನಿನಗೂ ಮಾಲೀಕರಿಗೂ ನಡುವೆ ಲಿಖಿತ ಒಪ್ಪಂದ ಆಗಬೇಕು, ಅದು ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್‌ನಲ್ಲಿ ನೋಂದಣಿಯಾಗಬೇಕು. ನೋಂದಣಿ ಸಂಖ್ಯೆ ಸಿಗುವವರೆಗೆ ನೀನು ಅಪ್ರೆಂಟಿಸ್ ಅಲ್ಲ, ಗೇಟ್ ಪಾಸ್ ಇರುವ ಹುಡುಗ ಅಷ್ಟೇ. ಐಟಿಐ ಪಾಸಾದವರಿಗೆ 2019ರ ನಿಯಮದಲ್ಲಿ ನಿಗದಿಯಾದ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ 7,000 ರೂಪಾಯಿ. ಕನಿಷ್ಠ ದರಗಳನ್ನು ಶೇ 36ರಷ್ಟು ಏರಿಸಬೇಕೆಂದು ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ 2025ರ ಮೇ ತಿಂಗಳಲ್ಲಿ ಶಿಫಾರಸು ಮಾಡಿದೆ. ಆದ್ದರಿಂದ ಸಹಿ ಹಾಕುವ ದಿನ ಯಾವ ದರ ಜಾರಿಯಲ್ಲಿದೆ ಎಂದು ಪೋರ್ಟಲ್‌ನಲ್ಲೇ ನೋಡಿಕೊ. ಅದಕ್ಕಿಂತ ಕಡಿಮೆ ಬರೆದಿದ್ದರೆ ಸಹಿ ಹಾಕಬೇಡ.

ಒಳಗೆ ಹೋದ ಮೇಲೆ ಕಣ್ಣು ತೆರೆದಿರಲಿ. ಐಟಿಐಯಲ್ಲಿ ನೀನು ಅರ ಹಿಡಿದು ಚೌಕ ಮಟ್ಟ ಮಾಡಿದ್ದೀಯೆ, ವರ್ನಿಯರ್ ಓದಿದ್ದೀಯೆ. ಓಡುತ್ತಿರುವ ಕನ್ವೇಯರ್ ಬೆಲ್ಟು ಪಕ್ಕಕ್ಕೆ ಸರಿದಾಗ ಅದನ್ನು ಸಾಲಿಗೆ ತರುವುದನ್ನು ಅಲ್ಲಿ ಯಾರೂ ಕಲಿಸಿರುವುದಿಲ್ಲ. ಪಂಪು ಮತ್ತು ಮೋಟಾರಿನ ನಡುವಿನ ಕಪ್ಲಿಂಗನ್ನು ಡಯಲ್ ಗೇಜಿನಿಂದ ಅಲೈನ್ ಮಾಡುವುದು, ಬೇರಿಂಗನ್ನು ಸುತ್ತಿಗೆಯಿಂದ ಬಡಿಯದೆ ಬಿಸಿ ಮಾಡಿ ಕೂರಿಸುವುದು, ಕೆಂಪು ಧೂಳಿನಲ್ಲಿ ಗ್ರೀಸ್ ಎಷ್ಟು ಬೇಗ ಕೆಡುತ್ತದೆ ಎಂಬ ಅಂದಾಜು, ಇವೆಲ್ಲ ಸಿಗುವುದು ಕಾರ್ಖಾನೆಯ ನೆಲದಲ್ಲೇ. ಅಂದಂದಿನ ಕೆಲಸವನ್ನು ಅಂದೇ ಲಾಗ್‌ಬುಕ್‌ನಲ್ಲಿ ಬರೆದು ಸೂಪರ್‌ವೈಸರ್ ಸಹಿ ತೆಗೆದುಕೊ. ತಿಂಗಳ ಕೊನೆಗೆ ಒಟ್ಟಿಗೆ ಬರೆದ ಲಾಗ್‌ಬುಕ್ಕನ್ನು ನಾನು ಶಾಯಿಯ ಬಣ್ಣ ನೋಡಿಯೇ ಗುರುತಿಸುತ್ತಿದ್ದೆ, ಪರೀಕ್ಷಕರೂ ಗುರುತಿಸುತ್ತಾರೆ. ವರ್ಷದ ಕೊನೆಗೆ ಅಖಿಲ ಭಾರತ ಟ್ರೇಡ್ ಪರೀಕ್ಷೆ ಇರುತ್ತದೆ. ಅದರಲ್ಲಿ ಪಾಸಾದರೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ.

ಆಮೇಲೆ? ಅದೇ ಕಾರ್ಖಾನೆಯಲ್ಲಿ ಕೆಲಸ ಕೊಡಲೇಬೇಕೆಂಬ ಕಡ್ಡಾಯ ಇಲ್ಲ. ಕಾಯ್ದೆಯ 22ನೇ ಸೆಕ್ಷನ್ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. "ಅಪ್ರೆಂಟಿಸ್ ಆದರೆ ಪರ್ಮನೆಂಟ್ ಖಾತ್ರಿ" ಎಂದು ಕಮಿಷನ್ ಕೇಳುವವರಿಂದ ದೂರ ಇರು. ಅವಕಾಶ ಸಿಗುವ ಜಾಗಗಳು ಇವೆ. ಇದೇ ಕಾಯ್ದೆಯಡಿ ರೈಲ್ವೆಯಲ್ಲಿ ತರಬೇತಿ ಮುಗಿಸಿದವರಿಗೆ (ಅವರನ್ನು ಆಕ್ಟ್ ಅಪ್ರೆಂಟಿಸರು ಎನ್ನುತ್ತಾರೆ) ಅಲ್ಲಿನ ಲೆವೆಲ್–1, ಅಂದರೆ ಮೊದಲ ಹಂತದ ಹುದ್ದೆಗಳ ನೇಮಕಾತಿಯಲ್ಲಿ ಶೇ 20 ಮೀಸಲು ಇದೆ. ನಮ್ಮ ಹುಡುಗರು ಹುಬ್ಬಳ್ಳಿ ವರ್ಕ್‌ಶಾಪಿನ ಪ್ರಕಟಣೆಗೆ ಕಾಯುವುದು ಇದಕ್ಕಾಗಿಯೇ. ಇನ್ನೊಂದು ದಾರಿ ನನಗೆ ಹೆಚ್ಚು ಇಷ್ಟ. ಎರಡು ವರ್ಷದ ಐಟಿಐ ಇರುವವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು, ಅಲ್ಲಿಂದ ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೂ ಹೋಗಬಹುದು. ಒಂದು ವರ್ಷ ಯಂತ್ರದ ಜೊತೆ ಬದುಕಿ ಬಂದ ಹುಡುಗ ಡಿಪ್ಲೊಮಾ ತರಗತಿಯಲ್ಲಿ ಮೇಷ್ಟರು ಬೇರಿಂಗಿನ ಚಿತ್ರ ಬಿಡಿಸುವಾಗ ಸುಮ್ಮನೆ ಕೂರುವುದಿಲ್ಲ, ಪ್ರಶ್ನೆ ಕೇಳುತ್ತಾನೆ. ಮೇಷ್ಟರಿಗೆ ಕೆಲವು ಸಲ ಅದು ಹಿಡಿಸುವುದಿಲ್ಲ. ಆದರೂ ಕೇಳು.

ಮತ್ತೊಂದು ಮಾತು. ಒಪ್ಪಂದ ಆದ ಮೇಲೆ ಮಧ್ಯದಲ್ಲಿ ಬಿಟ್ಟು ಬಂದರೆ ತರಬೇತಿಯ ವೆಚ್ಚ ತುಂಬಿಕೊಡಬೇಕಾದ ಪ್ರಸಂಗ ಬರಬಹುದು. ಅಪ್ಪನಿಗೆ ಇದನ್ನು ಓದಿ ಹೇಳು.

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದೇನೆ. ನಮ್ಮ ಕೋರ್ಸಿನಲ್ಲಿ ಕೊನೆಯ ವರ್ಷ ಕಂಪನಿಯಲ್ಲಿ ಅಪ್ರೆಂಟಿಸ್‌ಶಿಪ್ ಮಾಡಬೇಕು, ಸ್ಟೈಪೆಂಡ್ ಬರುತ್ತದೆ ಎನ್ನುತ್ತಾರೆ. ಅಪ್ಪಾಜಿ "ಇದು ನಿಜವಾದ ಡಿಗ್ರಿಯೋ, ಟ್ರೈನಿಂಗ್ ಸರ್ಟಿಫಿಕೇಟೋ? ಬೆಂಗಳೂರಿಗೆ ಕಳಿಸುವುದಿಲ್ಲ" ಎಂದು ಕುಳಿತಿದ್ದಾರೆ. ಏನು ಮಾಡಲಿ?
— ವಿದ್ಯಾರ್ಥಿನಿ, ಯಲಬುರ್ಗಾ

ಉತ್ತರ: ತಂಗಿ, ಪದವಿ ನಿಜವಾದದ್ದೇ. ವಿಶ್ವವಿದ್ಯಾಲಯವೇ ಕೊಡುತ್ತದೆ, ಕಂಪನಿ ಕೊಡುವುದಿಲ್ಲ. ಅಪ್ರೆಂಟಿಸ್‌ಶಿಪ್ ಒಳಗೊಂಡ ಪದವಿಗೆ ಯುಜಿಸಿ 2020ರಲ್ಲಿ ಮಾರ್ಗಸೂಚಿ ತಂದು, 2025ರಲ್ಲಿ ಹೊಸದಾಗಿ ಹೊರಡಿಸಿತು. ಅದರಂತೆ ಮೂರು ವರ್ಷದ ಪದವಿಯಲ್ಲಿ ಒಂದರಿಂದ ಮೂರು ಸೆಮಿಸ್ಟರ್, ನಾಲ್ಕು ವರ್ಷದ ಪದವಿಯಲ್ಲಿ ಎರಡರಿಂದ ನಾಲ್ಕು ಸೆಮಿಸ್ಟರ್ ಕೆಲಸದ ಜಾಗದಲ್ಲಿ ಕಲಿಯಬಹುದು. ಆ ಕಲಿಕೆಗೆ ಕ್ರೆಡಿಟ್ ಸಿಗುತ್ತದೆ, ಅಂಕಪಟ್ಟಿಯಲ್ಲಿ ಬರುತ್ತದೆ. ನಮ್ಮ ರಾಜ್ಯದಲ್ಲೂ 2024–25ರಿಂದ ಕೆಲವು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಇಂಥ ಕೋರ್ಸುಗಳು ಶುರುವಾಗಿವೆ. ಕುರೇಕುಪ್ಪದ ತಮ್ಮನಿಗೆ "ಎರಡು ರಿಜಿಸ್ಟರ್ ಬೇಡ" ಎಂದೆನಲ್ಲ, ಇಲ್ಲಿ ಆ ತೊಂದರೆಯೇ ಇಲ್ಲ. ನೀನು ಕಂಪನಿಯಲ್ಲಿರುವುದು ಕಾಲೇಜಿಗೆ ಗೊತ್ತು, ನೀನು ವಿದ್ಯಾರ್ಥಿನಿ ಎಂಬುದು ಕಂಪನಿಗೆ ಗೊತ್ತು.

ಹಣದ ವಿಷಯ: ಪದವಿ ಓದುತ್ತಲೇ ಅಪ್ರೆಂಟಿಸ್ ಆದವರಿಗೂ, ಪದವಿ ಮುಗಿಸಿ ಅಪ್ರೆಂಟಿಸ್ ಆದವರಿಗೂ 2019ರ ನಿಯಮದಲ್ಲಿ ಕನಿಷ್ಠ ಸ್ಟೈಪೆಂಡ್ ಒಂದೇ, ತಿಂಗಳಿಗೆ 9,000. ನ್ಯಾಟ್ಸ್ ಎಂಬ ರಾಷ್ಟ್ರೀಯ ಯೋಜನೆಯಡಿ ಈ ಕನಿಷ್ಠ ಮೊತ್ತದ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ಆದರೆ ಬೆಂಗಳೂರಿನಲ್ಲಿ 9,000 ಎಂದರೆ ಪಿ.ಜಿ. ಬಾಡಿಗೆ ಮತ್ತು ಬಸ್ ಪಾಸ್ ಮುಗಿಸಿ ಊರಿಗೆ ಬರುವ ಚಾರ್ಜಿಗೆ ಅಪ್ಪಾಜಿಗೇ ಫೋನ್ ಮಾಡಬೇಕಾದೀತು. ಅವರ ಹಟದಲ್ಲಿ ಅರ್ಧ ಈ ಲೆಕ್ಕವೇ ಇರಬಹುದು. ಬಾಯಿ ಬಿಟ್ಟು ಹೇಳುವುದಿಲ್ಲ ಅಷ್ಟೇ.

ಆದ್ದರಿಂದ ಕಾಲೇಜಿನಲ್ಲಿ ಇದರ ಹೊಣೆ ಹೊತ್ತ ಅಧ್ಯಾಪಕರ ಬಳಿಗೆ ಅಪ್ಪಾಜಿಯನ್ನೇ ಕರೆದುಕೊಂಡು ಹೋಗು. ಕೊಪ್ಪಳ, ಹೊಸಪೇಟೆ, ಹುಬ್ಬಳ್ಳಿಯಲ್ಲಿ ಜಾಗ ಇದೆಯೇ ಎಂದು ಮೊದಲು ಕೇಳಿ. ಕೊನೆಗೆ ಬೆಂಗಳೂರೇ ಆದರೆ ಇರಲು ವ್ಯವಸ್ಥೆ ಯಾರದು, ಕನಿಷ್ಠಕ್ಕಿಂತ ಹೆಚ್ಚು ಕೊಡುವ ಕಂಪನಿ ಯಾವುದು ಎಂದು ಕೇಳಿ. ಇವೆಲ್ಲಕ್ಕಿಂತ ಮುಖ್ಯ, ತರಬೇತಿಯ ಯೋಜನೆಯ ಪ್ರತಿ ಕೇಳಿ. ಬಿ.ಕಾಂ. ಹುಡುಗಿಯನ್ನು ವರ್ಷವಿಡೀ ಬಿಲ್ಲಿಂಗ್ ಕೌಂಟರಿನಲ್ಲಿ ನಿಲ್ಲಿಸಿದರೆ ಅವಳು ಕಲಿಯುವುದು ಬಾರ್‌ಕೋಡ್ ಹಿಡಿಯುವುದನ್ನು ಮಾತ್ರ. ಖರೀದಿ, ದಾಸ್ತಾನು, ಟ್ಯಾಲಿಯಲ್ಲಿ ಲೆಕ್ಕ, ಜಿಎಸ್‌ಟಿ ರಿಟರ್ನ್, ಬ್ಯಾಂಕ್ ಹೊಂದಾಣಿಕೆ, ಹೀಗೆ ವಿಭಾಗದಿಂದ ವಿಭಾಗಕ್ಕೆ ದಾಟಿಸುವ ಯೋಜನೆ ಬರಹದಲ್ಲಿರಬೇಕು. ಬಾಕಿ ಉಳಿದ ವಿಷಯಗಳಿದ್ದರೆ ಹೋಗುವ ಮೊದಲೇ ಕಟ್ಟಿ ಮುಗಿಸು. ಕೆಲಸ ಮುಗಿಸಿ ಬಂದು ರಾತ್ರಿ ಕಾಸ್ಟ್ ಅಕೌಂಟಿಂಗ್ ಓದುತ್ತೇನೆ ಎನ್ನುವುದು ಮೊದಲ ವಾರದ ಉತ್ಸಾಹ.

ಪ್ರಶ್ನೆ: ಬೆಳಿಗ್ಗೆ ಕಾಲೇಜು, ಮಧ್ಯಾಹ್ನದಿಂದ ರಾತ್ರಿಯವರೆಗೆ ಬಳ್ಳಾರಿಯ ಒಂದು ಜೀನ್ಸ್ ಹೊಲಿಗೆ ಘಟಕದಲ್ಲಿ ಕೆಲಸ ಮಾಡುತ್ತೇನೆ. ಬಿ.ಎ. ಎರಡನೇ ವರ್ಷ, ವಯಸ್ಸು 20. ಮಾಲೀಕರು "ನೀನು ಅಪ್ರೆಂಟಿಸ್, ನಿನಗೆ ಕೂಲಿ ಕಾನೂನು ಅನ್ವಯಿಸುವುದಿಲ್ಲ" ಎಂದು ಉಳಿದವರಿಗಿಂತ ಬಹಳ ಕಡಿಮೆ ಕೊಡುತ್ತಾರೆ. ಕಾಗದ ಪತ್ರ ಏನೂ ಇಲ್ಲ. ಅವರು ಹೇಳುವುದು ಸರಿಯೇ?
— ಒಬ್ಬ ಓದುಗ, ಕೌಲ್ ಬಜಾರ್

ಉತ್ತರ: ನಿನ್ನ ಮಾಲೀಕರು ಅಪ್ರೆಂಟಿಸ್ ಕಾಯ್ದೆಯ 18ನೇ ಸೆಕ್ಷನ್ನನ್ನು ಅರ್ಧ ಮಾತ್ರ ಓದಿಕೊಂಡಿದ್ದಾರೆ. ಅಪ್ರೆಂಟಿಸ್ ಎಂದರೆ ತರಬೇತಿಯಲ್ಲಿರುವವನು, ಕಾರ್ಮಿಕನಲ್ಲ ಎಂದು ಅಲ್ಲಿ ಇರುವುದು ನಿಜ. ಆ ಮಾತು ಒಪ್ಪಂದ ಮಾಡಿಕೊಂಡು ತರಬೇತಿ ಕೊಡುತ್ತಿರುವವರಿಗೆ. ಒಪ್ಪಂದವಿಲ್ಲದೆ ಓವರ್‌ಲಾಕ್ ಯಂತ್ರದ ಮುಂದೆ ಕೂರಿಸಿ ಪೀಸ್ ಲೆಕ್ಕದಲ್ಲಿ ಹೊಲಿಸುತ್ತಿದ್ದರೆ ನೀನು ಕಾರ್ಮಿಕನೇ, ಕನಿಷ್ಠ ಕೂಲಿಗೆ ಹಕ್ಕುದಾರನೇ. ದಿನವೂ ಎಷ್ಟು ಹೊತ್ತು ಕೆಲಸ, ಎಷ್ಟು ಪೀಸ್, ಎಷ್ಟು ಹಣ ಬಂತು ಎಂದು ಒಂದು ನೋಟ್‌ಬುಕ್‌ನಲ್ಲಿ ಬರೆದಿಡು. ಫೋನ್‌ಪೇಯಲ್ಲಿ ಕೊಟ್ಟಿದ್ದರೆ ಆ ದಾಖಲೆಯನ್ನು ಅಳಿಸಬೇಡ. ಅದನ್ನು ಹಿಡಿದು ಕಾರ್ಮಿಕ ನಿರೀಕ್ಷಕರ ಕಚೇರಿಗೆ ಹೋಗು, ಸಾಧ್ಯವಾದರೆ ಅದೇ ಪರಿಸ್ಥಿತಿಯ ಇನ್ನಿಬ್ಬರ ಜೊತೆಯಲ್ಲಿ.

ಅವರು ನಿಜಕ್ಕೂ ಕಲಿಸುವ ಮನಸ್ಸಿನವರಾದರೆ ಅದನ್ನೂ ಪರೀಕ್ಷಿಸಬಹುದು. "ಒಪ್ಪಂದ ನೋಂದಾಯಿಸೋಣ ಸಾರ್" ಎಂದು ಕೇಳಿ ನೋಡು. ಕಟಿಂಗ್‌ನಿಂದ ವಾಷಿಂಗ್‌ವರೆಗೆ ಹೇಳಿಕೊಡುವವರು ಈ ಮಾತಿಗೆ ಬೆಚ್ಚುವುದಿಲ್ಲ.

ಪ್ರಶ್ನೆ: ಅಪ್ರೆಂಟಿಸ್ ಆಗಿದ್ದುಕೊಂಡೇ ಯುವನಿಧಿ ಹಣ ಪಡೆಯಬಹುದೇ? ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಗೂ ಅರ್ಜಿ ಹಾಕಬಹುದೇ?
— ಪದವೀಧರ, ಮಾನ್ವಿ

ಉತ್ತರ: ಯುವನಿಧಿ ಸಿಗುವುದಿಲ್ಲ. ಅದು ಪದವಿ ಮುಗಿಸಿ 180 ದಿನವಾದರೂ ಕೆಲಸ ಸಿಗದವರಿಗೆ ರಾಜ್ಯ ಸರ್ಕಾರ ಕೊಡುವ ಭತ್ಯೆ. ಅಪ್ರೆಂಟಿಸ್ ವೇತನ ಪಡೆಯುವವರು, ಓದು ಮುಂದುವರಿಸಿದವರು ಹೊರಗೆ. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಹೆಚ್ಚೆಂದರೆ ಎರಡು ವರ್ಷ ಬರುತ್ತದೆ. 3,000 ಉಳಿಸಿಕೊಳ್ಳಲು ಹೋಗಿ 9,000ದ ತರಬೇತಿ ಬಿಡುವವರಿದ್ದಾರೆ. ಆ ಲೆಕ್ಕ ನನಗೆ ಅರ್ಥವಾಗುವುದಿಲ್ಲ.

2024ರಲ್ಲಿ ಪ್ರಾಯೋಗಿಕವಾಗಿ ಶುರುವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್‌ಗೆ ಪೂರ್ಣಾವಧಿ ಓದುವವರು, ಪೂರ್ಣಾವಧಿ ದುಡಿಯುವವರು ಇಬ್ಬರೂ ಅರ್ಹರಲ್ಲ ಎಂಬ ಷರತ್ತಿತ್ತು. ದೂರಶಿಕ್ಷಣದವರಿಗೆ ಅವಕಾಶವಿತ್ತು. ಒಮ್ಮೆ ಸರ್ಕಾರಿ ಯೋಜನೆಯಡಿ ಅಪ್ರೆಂಟಿಸ್‌ಶಿಪ್ ಮುಗಿಸಿದವರಿಗೆ ಅದು ಇಲ್ಲ. ಹಾಗಾಗಿ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು.

ಪ್ರಶ್ನೆ: ಅಮ್ಮಾವರೇ, ಮಗ ಎಸ್ಸೆಸ್ಸೆಲ್ಸಿಯಲ್ಲಿ ಸಾಧಾರಣ ಅಂಕ ತೆಗೆದಿದ್ದಾನೆ. ಕೈಕೆಲಸದಲ್ಲಿ ಚುರುಕು, ಮನೆಯ ಮಿಕ್ಸಿ, ಫ್ಯಾನು ಬಿಚ್ಚಿ ಜೋಡಿಸುತ್ತಾನೆ. ಅವನ ಸೋದರಮಾವ ಪಿಯುಸಿ ಸೈನ್ಸ್ ಓದಿಸು ಎನ್ನುತ್ತಾನೆ. ನಮ್ಮ ಊರಲ್ಲೇ ಜಿಟಿಟಿಸಿ ಇದೆ. ಯಾವುದಕ್ಕೆ ಸೇರಿಸಲಿ?
— ಒಬ್ಬ ತಾಯಿ, ಲಿಂಗಸುಗೂರು

ಉತ್ತರ: ಬಿಚ್ಚುವವರು ಬಹಳ ಜನ ಇರುತ್ತಾರಮ್ಮ, ಮರಳಿ ಜೋಡಿಸುತ್ತಾನೆ ಎಂದು ಬರೆದಿದ್ದೀರಲ್ಲ, ಅದನ್ನು ಓದಿ ಖುಷಿಯಾಯಿತು. ಸೋದರಮಾವನವರಿಗೆ ನಮಸ್ಕಾರ ಹೇಳಿ ಜಿಟಿಟಿಸಿಗೇ ಸೇರಿಸಿ.

ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಎಂಬುದು ಅದರ ಪೂರ್ಣ ಹೆಸರು. ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದದ್ದು. ಈಗ ನಿಮ್ಮ ಲಿಂಗಸುಗೂರು, ಹೊಸಪೇಟೆ, ಕೊಪ್ಪಳದಲ್ಲೂ ಕೇಂದ್ರಗಳಿವೆ. ಅಲ್ಲಿನ ಟೂಲ್ ಆ್ಯಂಡ್ ಡೈ ಮೇಕಿಂಗ್ ಡಿಪ್ಲೊಮಾಕ್ಕೆ ಎಸ್ಸೆಸ್ಸೆಲ್ಸಿ ಸಾಕು. ಮೂರು ವರ್ಷ ಕೇಂದ್ರದಲ್ಲಿ ಕಲಿಕೆ, ನಾಲ್ಕನೆಯ ವರ್ಷ ಕಡ್ಡಾಯವಾಗಿ ಕೈಗಾರಿಕೆಯಲ್ಲಿ ತರಬೇತಿ. ಕೇಂದ್ರದಲ್ಲಿರುವ ಮೂರು ವರ್ಷವೂ ಪುಸ್ತಕದ ಪಾಠವಷ್ಟೇ ಇರುವುದಿಲ್ಲ. ಲೇತ್, ಮಿಲ್ಲಿಂಗ್, ಸಿಎನ್‌ಸಿ ಯಂತ್ರಗಳ ಮುಂದೆ ನಿಂತೇ ಕಲಿಸುತ್ತಾರೆ. ನಿಮ್ಮ ಮನೆಯ ಬಕೆಟ್ಟು, ಪೆನ್ನಿನ ಕ್ಯಾಪು, ಕಾರಿನ ಬಾಗಿಲು ಇವೆಲ್ಲ ಅಚ್ಚಿನಿಂದ ಬರುತ್ತವೆ. ಆ ಅಚ್ಚು ಮಾಡುವ ವಿದ್ಯೆ ಅದು. ಅಳತೆ ಕೂದಲೆಳೆ ತಪ್ಪಿದರೂ ಕೆಲಸ ಕೆಡುವುದರಿಂದ ತಾಳ್ಮೆ ಬೇಕು.

ಒಂದು ಎಚ್ಚರಿಕೆ. ಶುಲ್ಕ ಐಟಿಐಗಿಂತ ಹೆಚ್ಚು. ಅರ್ಜಿ ಹಾಕುವ ದಿನವೇ ವಿದ್ಯಾರ್ಥಿವೇತನಕ್ಕೆ ಬೇಕಾದ ಜಾತಿ, ಆದಾಯ ಪ್ರಮಾಣಪತ್ರ ಮಾಡಿಸಿಡಿ. ಜೊತೆಗೆ ಸಂವಿಧಾನದ 371(ಜೆ) ವಿಧಿಯ ಅರ್ಹತಾ ಪ್ರಮಾಣಪತ್ರವನ್ನೂ ಈಗಲೇ ಮಾಡಿಸಿ. ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಮುಂದೆ ಪ್ರವೇಶಕ್ಕೂ ನೌಕರಿಗೂ ಬೇಕಾಗುತ್ತದೆ. ಕೊನೆಯ ವಾರ ನಾಡಕಚೇರಿಯ ಸಾಲಿನಲ್ಲಿ ನಿಂತು ಸರ್ವರ್ ಇಲ್ಲ ಎಂದು ಗೋಳಾಡುವ ತಾಯಂದಿರನ್ನು ಬಹಳ ನೋಡಿದ್ದೇನೆ.

ಪ್ರಶ್ನೆ: ಎಂಜಿನಿಯರಿಂಗ್ ಕೊನೆಯ ವರ್ಷ. ಒಂದು ಸಂಸ್ಥೆ 15,000 ರೂಪಾಯಿ ಕಟ್ಟಿದರೆ ಮನೆಯಲ್ಲೇ ಕೂತು ಮುಗಿಸುವ ಇಂಟರ್ನ್‌ಶಿಪ್ ಸರ್ಟಿಫಿಕೇಟ್ ಕೊಡುತ್ತದಂತೆ. ಕ್ರೆಡಿಟ್ ಸಿಕ್ಕರೆ ಸಾಕಲ್ಲವೇ?
— ವಿದ್ಯಾರ್ಥಿ, ರಾಯಚೂರು

ಉತ್ತರ: ಸಂದರ್ಶನದಲ್ಲಿ "ಅಲ್ಲಿ ಏನು ಮಾಡಿದಿರಿ?" ಎಂದು ಕೇಳಿದಾಗ ಏನು ಹೇಳುತ್ತೀ ಎಂಬುದನ್ನು ಈಗಲೇ ಒಂದು ಹಾಳೆಯಲ್ಲಿ ಬರೆದು ನೋಡು. ಹಾಳೆ ತುಂಬಿದರೆ ಹಣ ಕಟ್ಟು. ತುಂಬದಿದ್ದರೆ ಆ ಹಣದಲ್ಲಿ ಶಕ್ತಿನಗರದ ಕಡೆಯ ಯಾವುದಾದರೂ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಪುಕ್ಕಟೆ ಕೆಲಸ ಕಲಿಯುತ್ತ ಎರಡು ತಿಂಗಳು ಊಟ ಮಾಡಬಹುದು.

ಪ್ರಶ್ನೆ: ಅಪ್ರೆಂಟಿಸ್ ಆಗಿರುವ ಮಗನ ಬೆರಳು ಯಂತ್ರಕ್ಕೆ ಸಿಕ್ಕಿ ಗಾಯವಾಯಿತು. "ಅವನು ನಮ್ಮ ಕಾರ್ಮಿಕನಲ್ಲ, ಇಎಸ್‌ಐ ಇಲ್ಲ, ಆಸ್ಪತ್ರೆ ಖರ್ಚು ನೀವೇ ನೋಡಿಕೊಳ್ಳಿ" ಎಂದಿದ್ದಾರೆ. ನಾವು ಕೂಲಿ ಮಾಡುವವರು.
— ಒಬ್ಬ ತಂದೆ, ದೇವದುರ್ಗ

ಉತ್ತರ: ಅಣ್ಣಾ, ಮೊದಲು ಮಗನ ಬೆರಳು ಹೇಗಿದೆ ಎಂದು ಬರೆಯಿರಿ.

ಅವರ ಮಾತನ್ನು ಒಪ್ಪಬೇಡಿ. ಅಪ್ರೆಂಟಿಸ್ ಕಾಯ್ದೆಯಡಿಯ ಅಪ್ರೆಂಟಿಸರಿಗೆ ಇಎಸ್‌ಐ ಎಂಬ ಕಾರ್ಮಿಕರ ವಿಮೆ ಅನ್ವಯಿಸುವುದಿಲ್ಲ ಎಂಬುದು ಸರಿ. ಆದರೆ ಹೊಣೆ ಅಲ್ಲಿಗೆ ತೀರುವುದಿಲ್ಲ. ಅದೇ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ತರಬೇತಿಯ ವೇಳೆ ತರಬೇತಿಯ ಕಾರಣದಿಂದ ಆದ ಗಾಯಕ್ಕೆ ಕಾರ್ಮಿಕರ ಪರಿಹಾರ ಕಾನೂನಿನಂತೆ ಮಾಲೀಕರೇ ಪರಿಹಾರ ಕೊಡಬೇಕು. ಕಾರ್ಖಾನೆಯಲ್ಲಿ ಕಾರ್ಮಿಕರಿಗಿರುವ ಆರೋಗ್ಯ, ಸುರಕ್ಷತೆ, ಕ್ಷೇಮಾಭಿವೃದ್ಧಿಯ ನಿಯಮಗಳೂ ಅಪ್ರೆಂಟಿಸರಿಗೆ ಅನ್ವಯಿಸುತ್ತವೆ ಎಂದು 14ನೇ ಸೆಕ್ಷನ್ ಹೇಳುತ್ತದೆ. ಆಸ್ಪತ್ರೆಯ ಚೀಟಿಯಲ್ಲಿ "ಯಂತ್ರದಲ್ಲಿ ಆದ ಗಾಯ" ಎಂದು ತಾರೀಖು ಸಮೇತ ಬರೆಸಿಕೊಳ್ಳಿ. "ಬಿದ್ದು ಆದ ಗಾಯ" ಎಂದು ಬರೆಸಲು ಯಾರಾದರೂ ಒತ್ತಾಯಿಸಿದರೆ ಒಪ್ಪಬೇಡಿ. ಒಪ್ಪಂದದ ಪ್ರತಿಯೊಂದಿಗೆ ಲಿಖಿತ ದೂರನ್ನು ಅಪ್ರೆಂಟಿಸ್‌ಶಿಪ್ ಸಲಹೆಗಾರ ಎಂಬ ಸರ್ಕಾರಿ ಅಧಿಕಾರಿಗೆ ಕೊಡಿ. ಆ ಕಚೇರಿಯ ವಿಳಾಸವನ್ನು ರಾಯಚೂರಿನ ಸರ್ಕಾರಿ ಐಟಿಐಯ ಪ್ರಾಚಾರ್ಯರು ಹೇಳುತ್ತಾರೆ. ಸ್ವೀಕೃತಿ ಮುದ್ರೆ ಇಲ್ಲದೆ ಮನೆಗೆ ಬರಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ನಿಮಗೆ ಉಚಿತವಾಗಿ ವಕೀಲರು ಸಿಗುತ್ತಾರೆ. ನ್ಯಾಯಾಲಯದ ಆವರಣದಲ್ಲೇ ವಿಚಾರಿಸಿ.

ಪ್ರಶ್ನೆ: ನಾವು ಕಿನ್ನಾಳದ ಗೊಂಬೆ ಮಾಡುವ ಮನೆಯವರು. ನಾನು ಕೊಪ್ಪಳದಲ್ಲಿ ಪದವಿ ಓದುತ್ತ ಅಜ್ಜನಿಂದ ಕೆಲಸ ಕಲಿತಿದ್ದೇನೆ. ಈ ಕಲಿಕೆಗೆ ಎಲ್ಲಿಯೂ ಬೆಲೆ ಇಲ್ಲವೇ?
— ವಿದ್ಯಾರ್ಥಿ, ಕಿನ್ನಾಳ

ಉತ್ತರ: ಹಗುರ ಮರವನ್ನು ಕಡೆದು, ಹುಣಸೆ ಬೀಜದ ಅಂಟಿನಲ್ಲಿ ಜೋಡಿಸಿ, ಬಣ್ಣಕ್ಕೆ ಬರುವಷ್ಟರಲ್ಲಿ ಎಷ್ಟು ಹಂತಗಳಿವೆ ಎಂದು ನಿನಗೆ ನಾನು ಹೇಳಬೇಕಿಲ್ಲ. ನಿನ್ನದು ನಮ್ಮ ಯಾವ ಸಿಲಬಸ್‌ಗಿಂತಲೂ ಹಳೆಯ ಅಪ್ರೆಂಟಿಸ್‌ಶಿಪ್. ಕಾಗದದ ಬೆಲೆ ಬೇಕಾದರೆ ಎರಡು ದಾರಿ. ಮೊದಲೇ ಕಲಿತದ್ದನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಆರ್‌ಪಿಎಲ್ ಎಂಬ ವ್ಯವಸ್ಥೆ ಇದೆ. ಜಿಲ್ಲಾ ಕೌಶಲ್ಯಾಭಿವೃದ್ಧಿ ಕಚೇರಿಯಲ್ಲಿ ಕೇಳು. ಇನ್ನೊಂದು, 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ. ಅದರ 18 ಕಸುಬುಗಳಲ್ಲಿ ಸಾಂಪ್ರದಾಯಿಕ ಗೊಂಬೆ ತಯಾರಿಕೆಯೂ ಇದೆ. ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000, ಆಮೇಲೆ ಶೇ 5ರ ಬಡ್ಡಿಯಲ್ಲಿ ಸಾಲ. ಕುಟುಂಬಕ್ಕೆ ಒಬ್ಬರೇ ನೋಂದಾಯಿಸಬಹುದು. ಅದು ನೀನೋ ಅಪ್ಪನೋ ಎಂದು ಮನೆಯಲ್ಲಿ ಕೂತು ನಿರ್ಧರಿಸಿ. ನನ್ನನ್ನು ಕೇಳಿದರೆ, ಈಗ ದಿನವೂ ಉಳಿ ಹಿಡಿಯುತ್ತಿರುವವರ ಹೆಸರಿನಲ್ಲಿರಲಿ.

ಪ್ರಶ್ನೆ: ಗಂಗಾವತಿಯಲ್ಲಿ ನಮ್ಮದು ಅಕ್ಕಿ ಗಿರಣಿ. ಹನ್ನೆರಡು ಜನ ಕೆಲಸಗಾರರಿದ್ದಾರೆ. ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿ ದೂರಶಿಕ್ಷಣದಲ್ಲಿ ಪದವಿ ಓದುತ್ತಿರುವ ಹುಡುಗನೊಬ್ಬ ಕೆಲಸ ಕೇಳಿಕೊಂಡು ಬಂದಿದ್ದಾನೆ. ನಮ್ಮಂಥ ಸಣ್ಣ ಮಿಲ್ಲಿನವರು ಅಪ್ರೆಂಟಿಸ್ ತೆಗೆದುಕೊಳ್ಳಬಹುದೇ? ಏನೇನು ಹೊರೆ ಬೀಳುತ್ತದೆ?
— ಒಬ್ಬ ಮಿಲ್ ಮಾಲೀಕ

ಉತ್ತರ: ಈ ಅಂಕಣಕ್ಕೆ ಮಾಲೀಕರ ಪತ್ರ ಬರುವುದು ಅಪರೂಪ ಸಾಹುಕಾರರೇ, ಅದಕ್ಕೇ ಕೊನೆಗೆ ಇಟ್ಟುಕೊಂಡೆ. 30 ಮತ್ತು ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಗೆ ತನ್ನ ಒಟ್ಟು ಸಿಬ್ಬಂದಿಯ ಶೇ 2.5ರಿಂದ 15ರವರೆಗೆ ಅಪ್ರೆಂಟಿಸರನ್ನು ತೆಗೆದುಕೊಳ್ಳುವುದು ಕಡ್ಡಾಯ. ನಾಲ್ಕರಿಂದ 29 ಜನ ಇರುವ ನಿಮ್ಮಂಥವರಿಗೆ ಅದು ಇಷ್ಟಕ್ಕೆ ಬಿಟ್ಟದ್ದು. ಹನ್ನೆರಡು ಜನರಿರುವ ಮಿಲ್ಲಿಗೆ ಒಬ್ಬ ಹುಡುಗ ಸಾಕು.

ಐಟಿಐ ಆದವನಿಗೆ 2019ರ ನಿಯಮದಂತೆ ಕನಿಷ್ಠ 7,000 ಎಂದು ಹಿಡಿಯಿರಿ. 2016ರಲ್ಲಿ ಬಂದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಡಿ ಸ್ಟೈಪೆಂಡಿನ ಶೇ 25, ಹೆಚ್ಚೆಂದರೆ 1,500 ರೂಪಾಯಿಯನ್ನು ಕೇಂದ್ರ ಸರ್ಕಾರ ಹುಡುಗನ ಖಾತೆಗೇ ಹಾಕುತ್ತದೆ. ಉಳಿದದ್ದು ನಿಮ್ಮದು, ಅದೂ ಬ್ಯಾಂಕ್ ಮೂಲಕವೇ. ಹಬ್ಬಕ್ಕೆ ಬಟ್ಟೆ ಕೊಡಿಸಿದ್ದನ್ನು ಸ್ಟೈಪೆಂಡಿನಲ್ಲಿ ಕಳೆಯುವ ಹಾಗಿಲ್ಲ.

ನಿಜವಾದ ಹೊರೆ ಹಣದ್ದಲ್ಲ. ಸೀಸನ್ನಿನಲ್ಲಿ ಲಾರಿಗಳು ಸಾಲುಗಟ್ಟಿ ನಿಂತಾಗ ಹಮಾಲರು ಕಡಿಮೆ ಬಿದ್ದರೆ ಮೊದಲು ಕಣ್ಣಿಗೆ ಬೀಳುವುದು ಈ ಹುಡುಗನೇ. ಚೀಲ ಹೊರಿಸಬೇಡಿ. ಅವನ ಕೆಲಸ ಸ್ಟಾರ್ಟರ್, ಪ್ಯಾನೆಲ್ ಬೋರ್ಡ್, ಎಲಿವೇಟರಿನ ಮೋಟಾರು, ಅಕ್ಕಿ ಆರಿಸುವ ಸಾರ್ಟೆಕ್ಸ್ ಯಂತ್ರದ ವೈರಿಂಗ್. ನಿಮ್ಮಲ್ಲಿ ಮೋಟಾರಿನ ಸದ್ದು ಕೇಳಿಯೇ ಬೇರಿಂಗ್ ಹೋಗಿದೆ ಎನ್ನುವ ಹಳೆಯ ಮೇಸ್ತ್ರಿ ಒಬ್ಬರು ಇದ್ದೇ ಇರುತ್ತಾರೆ. ಅವರ ಕೈಕೆಳಗೆ ಬಿಡಿ, ಅವರಿಗೂ ತಿಂಗಳಿಗೆ ಸ್ವಲ್ಪ ಹೆಚ್ಚು ಕೊಡಿ. ಕಲಿಸುವವರಿಗೆ ಏನೂ ಸಿಗದಿದ್ದರೆ ಅವರು ಕಲಿಸುವುದನ್ನು ಮುಚ್ಚಿಟ್ಟುಕೊಳ್ಳುತ್ತಾರೆ, ಅದರಲ್ಲಿ ಅವರ ತಪ್ಪೂ ಇಲ್ಲ. ಕಾಲುವೆಗೆ ನೀರು ನಿಂತು ಮಿಲ್ಲು ಬಿಡುವಾಗುವ ದಿನಗಳಲ್ಲಿ ಯಂತ್ರಗಳನ್ನೆಲ್ಲ ಬಿಚ್ಚಿ ರಿಪೇರಿ ಮಾಡಿಸುತ್ತೀರಲ್ಲ, ಆ ವಾರಗಳಲ್ಲಿ ಅವನಿಗೆ ರಜೆ ಕೊಟ್ಟು ಕಳಿಸಬೇಡಿ. ವರ್ಷದ ಕಲಿಕೆಯ ಅರ್ಧ ಅಲ್ಲೇ ಇದೆ. ರಜೆ ಕೊಡಬೇಕಾದದ್ದು ಅವನ ಪದವಿ ಪರೀಕ್ಷೆಗೆ. ಅದರ ದಿನಾಂಕಗಳನ್ನು ಈಗಲೇ ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ನೋಂದಣಿಗೆ ಸಂಸ್ಥೆಯ ಪ್ಯಾನ್, ಜಿಎಸ್‌ಟಿ, ಬ್ಯಾಂಕ್ ಖಾತೆಯ ವಿವರ ಬೇಕಾಗುತ್ತವೆ. ಕಂಪ್ಯೂಟರ್ ಸೆಂಟರಿನವರಿಗೆ ಹಣ ಕೊಟ್ಟು ಮಾಡಿಸುವ ಮೊದಲು ಹತ್ತಿರದ ಸರ್ಕಾರಿ ಐಟಿಐಗೆ ಒಮ್ಮೆ ಹೋಗಿ ಬನ್ನಿ. ಹುಡುಗನನ್ನೂ ಜೊತೆಗೆ ಕರೆದೊಯ್ಯಿರಿ. ಅವನ ಆಧಾರ್ ಬ್ಯಾಂಕ್ ಖಾತೆಗೆ ಜೋಡಣೆಯಾಗಿದೆಯೇ ಎಂದು ಅಲ್ಲೇ ನೋಡಿಸಿ. ಸರ್ಕಾರದ ಪಾಲು ತಡವಾಗಲು ಮುಕ್ಕಾಲು ಪಾಲು ಕಾರಣ ಅದೇ ಆಗಿರುತ್ತದೆ.